ಗಾಳಿತಡೆಯ ಎಡಮಗ್ಗುಲು

ಕನ್ನಡಕದ ಅಂಗಡಿಯಲ್ಲಿ ಅವನಿಗೆ ಮಿಲಿಮೀಟರ್ ಎಂದು ಹೆಸರು ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಕಣ್ಣಿನ ಪಾಪೆ ಎಲ್ಲಿ ಬರುತ್ತದೋ ಗಾಜಿನ ನಡುವೂ ಅಲ್ಲೇ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಅವನು ಅದನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಗೋಡೆಗೆ ಒಂದು ಫೋಟೋ ನೇತುಹಾಕಬೇಕಾದರೆ ರಸಮಟ್ಟ ಹಿಡಿದು ಕಾಲು ಗಂಟೆ ನೋಡುವ ಗಂಡಸು.

ಅವನ ಹೆಂಡತಿ ಒಂದನೇ ತರಗತಿಗೆ ಪಾಠ ಹೇಳುವವಳು. ಬೀದಿಗೆಲ್ಲ ಟೀಚರಮ್ಮ. "ನಲವತ್ತು ಮಕ್ಕಳನ್ನ ಬೇಕಾದ್ರೆ ಸಂಭಾಳಿಸ್ತೀನಿ, ಇವರೊಬ್ಬರನ್ನ ಮಾತ್ರ ನನ್ನ ಕೈಲಾಗಲ್ಲ" ಎಂದು ನಗುತ್ತ ಹೇಳಿಕೊಂಡು ತಿರುಗುತ್ತಿದ್ದಳು.

ಅವರ ಬಳಿ ಚಾವಣಿ ಮಡಚುವ ಹಳೆಯ ಕಾರೊಂದಿತ್ತು. ಅಂಗಡಿಗೆ ಬರುತ್ತಿದ್ದ ಮುದಿ ಡಾಕ್ಟರೊಬ್ಬರು ಗಾಡಿ ಓಡಿಸುವುದನ್ನು ನಿಲ್ಲಿಸಿದಾಗ ಅವನ ಪಾಲಿಗೆ ಬಂದದ್ದು. ಚಾವಣಿ ತೆರೆದು ಓಡಿಸಿದರೆ ಗಾಳಿ ಎದುರಿನಿಂದ ಹೊಡೆಯುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಅದು ತಲೆಯ ಮೇಲಿಂದ ಹಾದು ಹೋಗಿ, ಹಿಂದಿನ ಸೀಟಿನಲ್ಲಿ ಸುಳಿ ತಿರುಗಿ, ಹಿಂದಿನಿಂದ ಕತ್ತಿಗೆ ಬಡಿಯುತ್ತದೆ. ಅದನ್ನು ತಡೆಯಲಿಕ್ಕೆಂದೇ ಮುಂದಿನ ಸೀಟುಗಳ ಬೆನ್ನಿಗೆ ಅಡ್ಡಲಾಗಿ ನಿಲ್ಲುವ ಒಂದು ಚೌಕಟ್ಟಿರುತ್ತದೆ: ಕಬ್ಬಿಣದ ಸಣ್ಣ ಕೊಳವೆ, ಅದಕ್ಕೆ ಬಿಗಿದ ಕಪ್ಪು ಬಲೆ, ಎರಡಾಗಿ ಮಡಚಿಡಲು ನಟ್ಟನಡುವೆ ಒಂದು ಕೀಲು. ಅವನು ಅದನ್ನು ಗಾಳಿತಡೆ ಎನ್ನುತ್ತಿದ್ದ. ಬಿಸಿಲು ತಿಂದು ತಿಂದು ಅದರ ಬಲೆ ಹಪ್ಪಳದಂತಾಗಿತ್ತು. ಬೆರಳು ತಗುಲಿದರೆ ಹರಿಯುತ್ತಿತ್ತು. ಬಲೆಯನ್ನು ಚೌಕಟ್ಟಿಗೆ ಹಿಡಿದಿಟ್ಟಿದ್ದ ರೆಕ್ಸಿನ್ ಪಟ್ಟಿ ಮೂಲೆಗಳಲ್ಲಿ ಸವೆದು ಕೊಳವೆ ಕಾಣುತ್ತಿತ್ತು.

ಆ ಮಾದರಿ ಈಗ ಯಾರೂ ಮಾಡುವುದಿಲ್ಲ, ಮನೆಯಲ್ಲೇ ರಿಪೇರಿ ಮಾಡುತ್ತೇನೆ ಎಂದು ಹೊರಟ. ಶನಿವಾರವೆಲ್ಲ ಊಟದ ಮೇಜಿನ ಮೇಲೆ ಅದರದೇ ದರಬಾರು. ಹಳೆಯ ಬಲೆ ಕಿತ್ತ, ಕೊಳವೆಯ ತುಕ್ಕು ಉಜ್ಜಿ ಬಣ್ಣ ಬಳಿದ, ಕಿಟಕಿಗೆ ಹಾಕುವ ನೈಲಾನ್ ಬಲೆಯನ್ನೂ ಹೊಸ ರೆಕ್ಸಿನ್ ಪಟ್ಟಿಯನ್ನೂ ಅಳತೆಗೆ ಕತ್ತರಿಸಿದ. ಸಂಜೆ ಅವನ ತಂಗಿ ಫೋನು ಮಾಡಿ, ಭಾನುವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಬನ್ನಿ ಎಂದಳು.

"ನಾನು ಬರಲ್ಲ. ಹೊಲಿಗೆ ಬಾಕಿ ಇದೆ," ಎಂದ ಮಿಲಿಮೀಟರ್.

"ಆ ಚಿಂದಿನ ಕಸಕ್ಕೆ ಹಾಕ್ರೀ! ಒಡಹುಟ್ಟಿದವಳಿಗಿಂತ ಹೆಚ್ಚಾ ಅದು?" ಎಂದು ಟೀಚರಮ್ಮ ರೇಗಿದಳು.

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಮುಖ ಊದಿಸಿಕೊಂಡು ಮಲಗಿದರು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಪಕ್ಕದ ಮನೆಯ ಬಸ್ ಡ್ರೈವರು ಬಂದ. ಬಲೆಯನ್ನು ಬಿಗಿಯಾಗಿ ಎಳೆದು ಹಿಡಿಯಲು ಎರಡನೇ ಜೋಡಿ ಕೈ ಬೇಕಿತ್ತು. ಅವನು ಒಂದು ತುದಿ ಹಿಡಿದ, ಮಿಲಿಮೀಟರ್ ನಾಲ್ಕೂ ಮೂಲೆಗೆ ಪಟ್ಟಿ ಸಮೇತ ಒಂದೊಂದು ಗಂಟು ಹಾಕಿ ಬಲೆಯನ್ನು ನಿಲ್ಲಿಸಿದ. ಇಬ್ಬರೂ ಏನೋ ಹೇಳಿಕೊಂಡು ನಕ್ಕದ್ದು ಟೀಚರಮ್ಮನಿಗೆ ಅಡುಗೆಮನೆಗೆ ಕೇಳಿಸಿತು. ನನ್ನ ಹತ್ತಿರ ಮಾತಿಲ್ಲ, ಡ್ರೈವರ ಹತ್ತಿರ ನಗು ಬೇರೆ ಎಂದು ಅವಳಿಗೆ ಇನ್ನಷ್ಟು ಉರಿಯಿತು. ಎಂಟೂ ಮುಕ್ಕಾಲಿಗೆ ಡ್ರೈವರು ಡ್ಯೂಟಿಗೆ ಹೊರಟ.

ಒಂಬತ್ತೂವರೆಗೆ ಅವಳು ತಟ್ಟೆಯಲ್ಲಿ ಬ್ರೆಡ್ಡು, ಮೊಟ್ಟೆ, ಹೆಚ್ಚಿದ ಬಾಳೆಹಣ್ಣು ಇಟ್ಟು ಮೇಜಿನ ತುದಿಯಲ್ಲಿ ಕುಕ್ಕಿದಳು. ಅವನು ತಲೆಯೆತ್ತಲಿಲ್ಲ. ಬಾಗಿದ ಸೂಜಿ ಹಿಡಿದು, ಪಟ್ಟಿಯನ್ನು ಕೊಳವೆಯ ಸುತ್ತ ಮಡಚಿ, ಬಲ ತುದಿಯಿಂದ ಹೊಲಿಯುತ್ತ ಬರುತ್ತಿದ್ದ. ಹೊಲಿಗೆ ಇರುವೆ ಸಾಲಿನಂತಿತ್ತು. ಅವಳು ಅವನ ಎಡಕ್ಕೆ ನಿಂತು, "ಚಾ ಬೇಕಾ?" ಎಂದಳು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದಳು. ಜಪ್ಪಯ್ಯ ಎಂದರೂ ತುಟಿ ಬಿಚ್ಚಲಿಲ್ಲ.

'ಇರಲಿ, ಎಷ್ಟು ಹೊತ್ತು ಬಿಗುಮಾನವೋ ನೋಡೇಬಿಡೋಣ' ಎಂದುಕೊಂಡು ಒಳಗೆ ಹೋಗಿ ಮಕ್ಕಳ ನೋಟ್‌ಬುಕ್ ತಿದ್ದುತ್ತ ಕುಳಿತಳು.

ಮತ್ತೆ ಹೊರಗೆ ಬಂದಾಗ ಹತ್ತೂ ಮುಕ್ಕಾಲು. ತಟ್ಟೆಯ ಬಲಗಡೆಯಿದ್ದ ಬ್ರೆಡ್ಡು ಖಾಲಿಯಾಗಿತ್ತು. ಮೊಟ್ಟೆಯನ್ನು ಅರ್ಧಕ್ಕೆ ಬಿಟ್ಟಿದ್ದ. ಎಡಗಡೆಯಿದ್ದ ಬಾಳೆಹಣ್ಣನ್ನು ಮುಟ್ಟಿರಲೇ ಇಲ್ಲ. ಬಾಳೆಹಣ್ಣೆಂದರೆ ಜೀವ ಬಿಡುವ ಮನುಷ್ಯ. ಅವನು ಸೂಜಿಯನ್ನು ಡಬ್ಬಿಗೆ ಹಾಕಿ, ದಾರ ಸುತ್ತಿಟ್ಟು, ಬೆನ್ನು ಸೆಟೆಸಿದ.

"ಮುಗೀತು ನೋಡೇ," ಎಂದ. ದನಿಯಲ್ಲಿ ಕೋಪದ ಸುಳಿವೂ ಇರಲಿಲ್ಲ. "ಈ ತುದಿಯಿಂದ ಆ ತುದಿವರೆಗೆ. ಫ್ಯಾಕ್ಟರಿಯಲ್ಲೂ ಹೀಗೆ ಹೊಲಿಯಲ್ಲ."

ಟೀಚರಮ್ಮ ನೋಡಿದಳು. ಬಲ ತುದಿಯಿಂದ ನಡುವಿನ ಕೀಲಿನವರೆಗೆ ಹೊಲಿಗೆ ಮುತ್ತು ಪೋಣಿಸಿದಂತಿತ್ತು. ಕೀಲಿನಿಂದ ಈಚೆಗೆ ಏನೂ ಇಲ್ಲ. ಎಡಭಾಗದ ಬಲೆ ಮೂಲೆಯ ಗಂಟುಗಳಿಂದ ಜೋತುಬಿದ್ದಿತ್ತು, ರೆಕ್ಸಿನ್ ಪಟ್ಟಿ ನಾಲಿಗೆಯಂತೆ ಮೇಜಿನಿಂದ ಇಳಿಬಿದ್ದಿತ್ತು.

ಅವಳಿಗೆ ನಗು ಬಂತು. ರಾಜಿಗೆ ಇದೊಂದು ದಾರಿ ಎಂದುಕೊಂಡಳು. "ಸರಿ ಸರಿ, ಅರ್ಧ ಹೊಲಿದು ಮುಗೀತು ಅಂತೀರಾ? ಮಿಕ್ಕಿದ್ದು ನಾನು ಹೊಲೀಬೇಕಾ?"

"ಯಾವ ಅರ್ಧ?"

"ಈ ಅರ್ಧ ಕಣ್ರೀ!" ಅವಳು ಎಡಭಾಗದ ಮೇಲೆ ಅಂಗೈಯಿಂದ ತಟ್ಟಿದಳು.

ಅವಳು ತಟ್ಟಿದ ಕಡೆ ಅವನು ನೋಡಲಿಲ್ಲ. ಬಲಗಡೆಯನ್ನೇ ನೋಡುತ್ತ, ಬೆರಳನ್ನು ಹೊಲಿಗೆಯ ಮೇಲೆ ಆಡಿಸಿಕೊಂಡು ಕೀಲಿನವರೆಗೆ ಬಂದು ನಿಂತ. "ಎಲ್ಲ ಹೊಲಿದಿದೆಯಲ್ಲ. ನಿನಗೆ ಕನ್ನಡಕ ಬೇಕು ಅಂತ ಎಷ್ಟು ಸಲ ಹೇಳಿದೀನಿ?"

ತಮಾಷೆ ಅತಿಯಾಯಿತು ಅನ್ನಿಸಿ ಅವಳು ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿ ಗರಕ್ಕನೆ ತಿರುಗಿಸಿ ಇಟ್ಟಳು. ಎಡದ್ದು ಬಲಕ್ಕೆ ಬಂತು, ಬಲದ್ದು ಎಡಕ್ಕೆ.

ಅವನ ಮುಖ ಬಿಳಿಚಿಕೊಂಡಿತು. ಜೋತುಬಿದ್ದ ಬಲೆಯನ್ನು ಬಲಗೈಯಲ್ಲಿ ಹಿಡಿದು ಎತ್ತಿದ. ಬಿಟ್ಟ. ಮತ್ತೆ ಎತ್ತಿದ.

"ಯಾರೇ ಇದನ್ನ ಬಿಚ್ಚಿದ್ದು?" ಎಂದು ಕೂಗಿದ. "ಎರಡು ಗಂಟೆ ಕೂತು ಹೊಲಿದಿದೀನಿ! ಒಂದು ಹೊಲಿಗೆಯೂ ಇಲ್ಲ! ಯಾರು ಬಿಚ್ಚಿದ್ದು?"

ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಗಂಡನ ನಾಟಕ ಯಾವುದು, ನಿಜ ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ? ಇದು ನಾಟಕವಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಕಣ್ಣೆದುರೇ ಇದ್ದ ಸಾಲು ಹೊಲಿಗೆ ಎಡಕ್ಕೆ ಸರಿದ ಕೂಡಲೇ ಅವನ ಪಾಲಿಗೆ ಭೂಮಿಯಿಂದಲೇ ಅಳಿಸಿಹೋಗಿತ್ತು.

ಅವಳು ಅವನನ್ನು ಆ ಬೆಳಿಗ್ಗೆ ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಬಲಗಾಲಿಗೆ ಚಪ್ಪಲಿ ಇತ್ತು. ಎಡಗಾಲಿನ ಚಪ್ಪಲಿ ಜಾರಿ ಮಾರು ದೂರ ಬಿದ್ದಿತ್ತು. ಬಾಯಿಯ ಎಡಮೂಲೆಯಲ್ಲಿ ಮೊಟ್ಟೆಯ ಹಳದಿ ಒಣಗಿ ಅಂಟಿಕೊಂಡಿತ್ತು. ಎಡಗೈ ತೊಡೆಯ ಮೇಲೆ ಬೇರೆ ಯಾರೋ ಮರೆತು ಹೋದ ವಸ್ತುವಿನಂತೆ ಅಂಗಾತ ಬಿದ್ದಿತ್ತು. ಅವಳು ಎಡಕ್ಕೆ ನಿಂತು, "ರೀ," ಎಂದಳು. ಅವನು ಬಲಕ್ಕೆ ತಿರುಗಿ ಅವಳನ್ನು ಹುಡುಕಿದ.

ಅಷ್ಟು ಹೊತ್ತೂ ಅವಳು ಬಿಗುಮಾನ ಎಂದುಕೊಂಡಿದ್ದು ಬಿಗುಮಾನವಾಗಿರಲಿಲ್ಲ.

ಆಂಬುಲೆನ್ಸಿಗೆ ಫೋನು ಹಚ್ಚಿದಳು. ಆ ಕಡೆಯ ಹೆಂಗಸು, "ಅಮ್ಮಾ, ಹತ್ತಿರದ ಗಾಡಿ ಬರೋಕೆ ನಲವತ್ತು ನಿಮಿಷ ಆಗುತ್ತೆ. ಅವರಿಗೆ ಎಚ್ಚರ ಇದ್ದು, ನಿಮ್ಮ ಹತ್ತಿರ ಗಾಡಿ ಇದ್ರೆ ಕಾಯಬೇಡಿ, ಈಗಲೇ ಹೊರಡಿ," ಎಂದಳು.

ಗಾಡಿ ಅಂಗಳದಲ್ಲೇ ಚಾವಣಿ ಮಡಚಿಕೊಂಡು ನಿಂತಿತ್ತು. ಚಾವಣಿ ಎಳೆಯುವ ಗುಂಡಿ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಲೈಸೆನ್ಸ್ ಇದ್ದರೂ ಆ ಕಾರಿನ ಸ್ಟೇರಿಂಗನ್ನು ಅವಳು ಒಮ್ಮೆಯೂ ಮುಟ್ಟಿದ್ದಿಲ್ಲ, ಅವನು ಮುಟ್ಟಗೊಟ್ಟದ್ದೂ ಇಲ್ಲ.

"ನನಗೇನಾಗಿದೆ ಅಂತ ಆಸ್ಪತ್ರೆ?" ಎಂದು ಅವನು ಗೊಣಗಿದ. "ಹೊಲಿಗೆ ಬಿಚ್ಚಿದ್ದು ಯಾರು ಅಂತ ಮೊದಲು ಹೇಳು."

ಅವಳು ಅವನ ತೋಳು ಹಿಡಿದು ನಡೆಸಿದಳು. ಬಾಗಿಲಿನ ಎಡ ಕಂಬಕ್ಕೆ ಅವನ ಭುಜ ಢಕ್ಕೆಂದು ಬಡಿಯಿತು. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಕಾರಿನ ಬಾಗಿಲನ್ನು ಜೋರಾಗಿ ಹಾಕಲು ಹೊರಟವಳು ಹೇಗೋ ಕೊನೆಯ ಗಳಿಗೆಯಲ್ಲಿ ಕೆಳಗೆ ನೋಡಿದಳು. ಅವನ ಎಡಗೈ ಬಾಗಿಲಿನ ಸಂದಿಯಲ್ಲಿ ನೇತಾಡುತ್ತಿತ್ತು. ಇನ್ನೊಂದು ಕ್ಷಣವಾಗಿದ್ದರೆ ನಾಲ್ಕು ಬೆರಳೂ ಜಜ್ಜಿಹೋಗುತ್ತಿದ್ದವು. ಅವನು ಎದುರಿನ ಗೇಟನ್ನು ನೋಡುತ್ತ ಕುಳಿತಿದ್ದ. ಅವಳು ಆ ಕೈಯನ್ನು ಎತ್ತಿ ಅವನ ಮಡಿಲಲ್ಲಿಟ್ಟಳು. ಆಗ ಅವಳ ಗಂಟಲಿನಿಂದ ಹೊರಟ ಸದ್ದು ಅವಳಿಗೇ ಗುರುತು ಸಿಗಲಿಲ್ಲ.

ರಸ್ತೆಗಿಳಿದ ಮೇಲೆ ಗಾಳಿ ಹಿಂದಿನಿಂದ ನುಗ್ಗಿ ಬಂದು ಕತ್ತಿಗೆ ಬಾರಿಸತೊಡಗಿತು. ಅವಳ ಕೂದಲು ಬಿಚ್ಚಿ ಕಣ್ಣಿಗೆ, ಬಾಯಿಗೆ ಸುತ್ತಿಕೊಂಡಿತು. ಒಂದು ಕೈಯಿಂದ ಕೂದಲು ಸರಿಸುತ್ತ, ಇನ್ನೊಂದು ಕೈಯಿಂದ ಸ್ಟೇರಿಂಗ್ ಹಿಡಿದು, ಸಿಗ್ನಲ್ಲಿನಲ್ಲಿ ನಿಂತವರನ್ನೆಲ್ಲ ಹಾರನ್ ಹೊಡೆದು ಎಬ್ಬಿಸುತ್ತ ಓಡಿಸಿದಳು. ಪಕ್ಕದ ಗಾಡಿಯಲ್ಲಿದ್ದವರು ತೆರೆದ ಕಾರಿನ ಈ ಗಂಡಹೆಂಡಿರನ್ನು ನೋಡಿ ಕೈಬೀಸಿದರು.

"ಗೇರ್ ಸವೆಯುತ್ತೆ ಕಣೇ, ನಿಧಾನ," ಎಂದ ಅವನು.

ಆಸ್ಪತ್ರೆಯಲ್ಲಿ ಎಳೆ ವಯಸ್ಸಿನ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಕೈ ಎತ್ತಿಸಿದಳು. ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಅವನ ಮುಂದಿಟ್ಟು, "ಇದರ ಸರಿಯಾದ ನಡು ಎಲ್ಲಿದೆ, ಗುರುತು ಹಾಕಿ," ಎಂದಳು.

ಅವನು ಪೆನ್ನು ಹಿಡಿದು, ಕಣ್ಣು ಕಿರಿದು ಮಾಡಿ, ತನ್ನ ಅಂಗಡಿಯಲ್ಲಿ ಮಾಡುವಂತೆಯೇ ಉಸಿರು ಬಿಗಿಹಿಡಿದು ಗುರುತು ಹಾಕಿದ. ಗುರುತು ಗೆರೆಯ ಬಲ ತುದಿಯಿಂದ ಎರಡು ಬೆರಳು ದೂರದಲ್ಲಿತ್ತು.

"ನಟ್ಟನಡು," ಎಂದ. "ಬೇಕಾದ್ರೆ ಸ್ಕೇಲ್ ಇಟ್ಟು ನೋಡಿ."

ಟೀಚರಮ್ಮ ಗೋಡೆ ಹಿಡಿದುಕೊಂಡಳು. ಇಪ್ಪತ್ತು ವರ್ಷ ಊರಿನ ಅರ್ಧ ಜನರ ಕಣ್ಣಿಗೆ ನಡು ಹಿಡಿದು ಕೊಟ್ಟವನು ಅವನು.

ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದಳು. "ಮೆದುಳಿನ ಬಲಗಡೆ ರಕ್ತ ಹೆಪ್ಪುಗಟ್ಟಿರೋ ಹಾಗಿದೆ. ಹಾಗಾದಾಗ ಎಡಗಡೆ ಅನ್ನೋದೇ ಇಲ್ಲ ಅನ್ನಿಸಿಬಿಡುತ್ತೆ. ಕಣ್ಣು ಸರಿಯಾಗೇ ಇರುತ್ತೆ, ಮನಸ್ಸು ಆ ಕಡೆ ಹೋಗಲ್ಲ. ಸ್ಕ್ಯಾನ್ ಮಾಡಿ ನೋಡಿ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದು. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಅವರು ಕೊನೆಗೆ ಪೂರ್ತಿ ಸರಿ ಇದ್ದಿದ್ದು ಯಾವಾಗ?"

ಯಾವಾಗ? ಬೆಳಗಿನಿಂದ ಅವನ ಮುಖವನ್ನೇ ನೋಡಿರಲಿಲ್ಲ. ತಿಂಡಿ ಕೊಟ್ಟಾಗ? ಆಗಲೇ ಅವನಿಗೆ ಅವಳ ಮಾತು ಕೇಳಿಸಿರಲಿಲ್ಲ. ಎದ್ದಾಗ? ಎದ್ದದ್ದು ಆರು ಗಂಟೆಗೆ. ಆರು ಎಂದರೆ ಸಮಯ ಮೀರಿಯೇ ಹೋಗಿತ್ತು. ಕಣ್ಣು ಮುಚ್ಚಿ ಮೇಜನ್ನು ನೆನೆಸಿಕೊಂಡಳು. ಜೋತುಬಿದ್ದ ಬಲೆ ಕಂಡಿತು. ಆದರೆ ಅದು ಪೂರ್ತಿ ಕಳಚಿ ಬಿದ್ದಿರಲಿಲ್ಲವಲ್ಲ!

"ಎಂಟೂ ಮುಕ್ಕಾಲಿಗೆ ಸರಿ ಇದ್ರು," ಎಂದಳು. "ಎಡಗಡೆ ಮೂಲೆಗಳಿಗೂ ಗಂಟು ಹಾಕಿದಾರೆ. ಪಕ್ಕದ ಮನೆಯವರು ಆಗ ಜೊತೆಗಿದ್ರು. ಬೇಕಾದ್ರೆ ಅವರನ್ನೇ ಕೇಳಿ."

ಬಸ್ ಡ್ರೈವರಿಗೆ ಫೋನು ಹೋಯಿತು. ಅವನು ಯಾವುದೋ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿಕೊಂಡು, "ಹೌದು ಮೇಡಂ, ಎಡಗಡೇದೇ ಕೊನೆಗೆ ಹಾಕಿದ್ದು. ನಗಾಡ್ತಾ ಇದ್ರು, ಎರಡೂ ಕೈಯಲ್ಲಿ ಗಂಟು ಬಿಗಿದ್ರು," ಎಂದ. ಸ್ಕ್ಯಾನ್ ಮುಗಿದು, ಹನ್ನೆರಡಕ್ಕೆ ಮೊದಲೇ ಇಂಜೆಕ್ಷನ್ ಒಳಗೆ ಹೋಯಿತು.

ಜೀವಕ್ಕೆ ಅಪಾಯವಾಗಲಿಲ್ಲ. ಮೂರನೇ ದಿನಕ್ಕೆ ಎಡಗೈಯ ಬೆರಳು ಆಡಿದವು. ಅವಳು ಸ್ವಲ್ಪ ಉಸಿರು ಬಿಟ್ಟಳು. ನಾಲ್ಕನೇ ದಿನ ನಾದಿನಿ ಬಂದು ಅಣ್ಣನ ಬಳಿ ಒಂದು ಗಂಟೆ ಕುಳಿತಿದ್ದು, ಹೊರಡುವಾಗ ಇವಳನ್ನು ವರಾಂಡಕ್ಕೆ ಕರೆದಳು.

"ಅತ್ತಿಗೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆವತ್ತು ಅಣ್ಣ ಹೊಲಿದಿದ್ದನ್ನ ನೀವು ಸಿಟ್ಟಲ್ಲಿ ಬಿಚ್ಚಿಹಾಕಿದ್ರಾ?"

"ಏನಂದ್ರಿ?"

"ಅಣ್ಣ ಹೇಳ್ತಾನೆ. ಊಟಕ್ಕೆ ಬರಲ್ಲ ಅಂದಿದ್ದಕ್ಕೆ ಅವಳು ಅರ್ಧ ಹೊಲಿಗೆ ಕತ್ತರಿಸಿಹಾಕಿದಳು, ಅದನ್ನ ನೋಡಿದ ಗಾಬರಿಗೇ ನನಗೆ ಹೀಗಾಯ್ತು ಅಂತ. ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ."

ಆ ದಿನ ಮೇಜಿನ ಮುಂದೆ ಬಿದ್ದ ಏಟಿಗಿಂತ ಇದು ದೊಡ್ಡದು. ನಾಲ್ಕು ದಿನದಿಂದ ಅವನಿಗೆ ಬಾಯಿ ಒರೆಸಿ, ಬಟ್ಟೆ ಬದಲಿಸಿ, ಕುರ್ಚಿಯಲ್ಲೇ ನಿದ್ದೆ ಮಾಡಿದ್ದಳು. ಅವನು ಅಷ್ಟು ಹೊತ್ತೂ ಒಳಗೊಳಗೇ ಇದನ್ನು ನಂಬಿಕೊಂಡು ಅವಳ ಕೈಯಿಂದ ನೀರು ಕುಡಿದಿದ್ದ. ನಾದಿನಿಯ ಮುಖ ನೋಡಿದಳು. ಅಲ್ಲಿ ಪೂರ್ತಿ ಅನುಮಾನವೂ ಇರಲಿಲ್ಲ, ಪೂರ್ತಿ ನಂಬಿಕೆಯೂ ಇರಲಿಲ್ಲ.

"ನಾನು ಮುಟ್ಟಿಲ್ಲ," ಎಂದಳು ಕೊನೆಗೆ. ತನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಡಾಕ್ಟರಮ್ಮ ಸಮಾಧಾನ ಹೇಳಿದಳು: "ಕಾಣದೇ ಇರೋದಕ್ಕೆ ಮೆದುಳು ಏನಾದರೊಂದು ಕಾರಣ ಹೆಣೆದುಕೊಳ್ಳುತ್ತೆ. ಅವರು ಸುಳ್ಳು ಹೇಳ್ತಿಲ್ಲ." ಅದು ಅವಳಿಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ನೋವು ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಅಭ್ಯಾಸಗಳು ಶುರುವಾದವು. ಕೈಕಾಲಿಗೆ ವ್ಯಾಯಾಮ ಕಲಿಸುವ ಹೆಂಗಸು ವಾರಕ್ಕೆ ಮೂರು ಸಲ ಬರುತ್ತಿದ್ದಳು. ಅವನ ಎಡಕ್ಕೆ ಕುಳಿತೇ ಮಾತಾಡಿಸಬೇಕು, ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಬೇಕು, ಪಟ್ಟಿ ಕಾಣುವವರೆಗೆ ಕತ್ತು ತಿರುಗಿಸಲು ಹೇಳಬೇಕು ಎಂದು ಟೀಚರಮ್ಮನಿಗೆ ಹೇಳಿಕೊಟ್ಟಳು. ಮಿಲಿಮೀಟರ್ ಹೇಳಿದ್ದನ್ನೆಲ್ಲ ಮಾಡಿದ. ಹೆಂಡತಿಯೊಂದಿಗೆ ಮಾತ್ರ ಅತಿಥಿಯಂತಿದ್ದ. ಬೇಕು, ಸಾಕು, ಆಗಲಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಒಮ್ಮೆ ಅವಳೇ ಕೇಳಿದಳು, "ನಾನು ಬಿಚ್ಚಿದೆ ಅಂತ ಈಗಲೂ ಅಂದ್ಕೊಂಡಿದೀರಾ?" ಅವನು, "ಹೋಗಲಿ ಬಿಡು, ನಾನೂ ಊಟಕ್ಕೆ ಬರಬಹುದಿತ್ತು," ಎಂದ. ಆ ಕ್ಷಮೆ ಅವಳನ್ನು ಕೊಯ್ದಷ್ಟು ಬೇರೇನೂ ಕೊಯ್ಯಲಿಲ್ಲ.

ಏಳನೇ ವಾರದ ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದಾಗ ಗಾಳಿತಡೆ ಮತ್ತೆ ಊಟದ ಮೇಜಿನ ಮೇಲಿತ್ತು. ಬಸ್ ಡ್ರೈವರ ಕೈಯಲ್ಲಿ ಅಟ್ಟದಿಂದ ಇಳಿಸಿಕೊಂಡಿದ್ದನಂತೆ. ಮಿಲಿಮೀಟರ್ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡು ರೆಕ್ಸಿನ್ ಪಟ್ಟಿಯ ಮೇಲೆ ಬಾಗಿದ್ದ. ಎದುರಿಗಿದ್ದುದು ಹೊಲಿಯದ ಭಾಗ. ಪಟ್ಟಿಯನ್ನು ಬೆಳಕಿಗೆ ಹಿಡಿದು ಬೆರಳಷ್ಟು ಬೆರಳಷ್ಟೇ ಸರಿಸುತ್ತಿದ್ದ. ತುದಿಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದ. ಅವಳು ಚೀಲವನ್ನೂ ಇಳಿಸದೆ ನಿಂತಳು.

"ರೆಕ್ಸಿನ್‌ಗೆ ಒಮ್ಮೆ ಸೂಜಿ ಹೋದ್ರೆ ತೂತು ಮುಚ್ಚಲ್ಲ," ಎಂದ ಅವನು, ತಲೆಯೆತ್ತದೆ. "ಬಟ್ಟೆ ಹಾಗಲ್ಲ. ಬಿಚ್ಚಿದ್ರೂ ತೂತು ಇದ್ದೇ ಇರುತ್ತೆ."

"ಹೂಂ."

"ಮೂಲೆಗಳಲ್ಲಿ ಗಂಟಿನ ತೂತಿದೆ. ನಡುವೆ ಒಂದೂ ಇಲ್ಲ."

ಭೂತಗನ್ನಡಿ ತೆಗೆದಿಟ್ಟ. ಅವನ ಮುಖದಲ್ಲಿ ಆಗ ಮೂಡಿದ ದಿಗಿಲನ್ನು ಅವಳು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಅಲ್ಲಿ ಹೆದರಿದ್ದವಳು ಅವಳು. ಅವನ ಪಾಲಿಗೆ ಏನೂ ಆಗಿರಲೇ ಇಲ್ಲ. ಈಗ, ಸುಮಾರು ಐವತ್ತು ದಿನ ಕಳೆದು, ಬಿಸಿಲು ಬಿದ್ದ ಮೇಜಿನ ಮುಂದೆ, ಆ ಏಟು ಅವನಿಗೆ ತಗುಲಿತ್ತು.

"ಹೊಲಿದಿದ್ದು ನೆನಪಿದೆ ಕಣೇ," ಎಂದ. "ಎರಡೂ ಕಡೆ. ದೇವರಾಣೆಗೂ. ದಾರ ಎಳೆದಿದ್ದು ಬೆರಳಿಗೆ ನೆನಪಿದೆ. ಹಾಗಾದ್ರೆ... ಆವತ್ತು ಇನ್ನೇನೇನಿತ್ತು? ನನಗೆ ಗೊತ್ತಾಗದೇ ಇದ್ದಿದ್ದು?"

ಅವಳು ಚೀಲ ಇಳಿಸಿ, ಕುರ್ಚಿ ಎಳೆದುಕೊಂಡು ಕುಳಿತು, ಒಂದನ್ನೂ ಬಿಡದೆ ಹೇಳಿದಳು. ಕಾರಿನ ಬಾಗಿಲಿನ ಸಂದಿಗೆ ಬಂದಾಗ ಅವನು ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡ. ಎಲ್ಲ ಮುಗಿದ ಮೇಲೆ ಫೋನು ತೆಗೆದುಕೊಂಡು ತಂಗಿಗೆ ಮಾಡಿದ.

"ನಿನ್ನ ಅತ್ತಿಗೆ ಬಗ್ಗೆ ನಾನು ಹೇಳಿದ್ದು ತಪ್ಪು. ಅವಳು ಏನೂ ಬಿಚ್ಚಿಲ್ಲ. ಹೊಲಿಗೆ ಅಲ್ಲಿ ಇರಲೇ ಇಲ್ಲ." ಆ ಕಡೆಯಿಂದ ಏನೋ ಕೇಳಿದಳು. "ಹೇಗೆ ಗೊತ್ತು ಅಂದ್ರೆ, ನೋಡಿದೆ. ಈಗ ನೋಡಿದೆ," ಎಂದು ಇಟ್ಟುಬಿಟ್ಟ.

ಎಡಭಾಗದ ಹೊಲಿಗೆ ಮುಗಿಯಲು ಇನ್ನೂ ಎಂಟು ದಿನ ಹಿಡಿಯಿತು. ಬಲೆ ಹಿಡಿದವಳು ಅವಳು, ಸೂಜಿ ಚುಚ್ಚಿದವನು ಅವನು. ಸಾಲು ಅಲ್ಲಲ್ಲಿ ಸೊಟ್ಟಗಾಯಿತು, ಬಿಚ್ಚಲು ಅವನು ಒಪ್ಪಲಿಲ್ಲ. ಗಾಡಿ ಓಡಿಸಲು ಡಾಕ್ಟರಮ್ಮ ಅನುಮತಿ ಕೊಟ್ಟಿಲ್ಲ, ಕೊಡುವ ಹಾಗೂ ಕಾಣುವುದಿಲ್ಲ. ಈಗ ಟೀಚರಮ್ಮ ಓಡಿಸುತ್ತಾಳೆ, ಅವನು ಪಕ್ಕದಲ್ಲಿ ಕುಳಿತು ಗೇರಿನ ಬಗ್ಗೆ ತಕರಾರು ತೆಗೆಯುತ್ತಾನೆ. ನಡುನಡುವೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, "ನನ್ನ ಎಡಗಡೆ ಏನಾದ್ರೂ ಇದೆಯಾ?" ಎಂದು ಕೇಳುತ್ತಾನೆ. ಅವಳು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾಳೆ. ಅವನು ನಂಬುತ್ತಾನೆ. ನಂಬಿದ ಮೇಲೂ ಒಮ್ಮೆ ಕತ್ತು ತಿರುಗಿಸಿ ನೋಡಿಯೇ ನೋಡುತ್ತಾನೆ.